ಯಂತ್ರವನ್ನಷ್ಟೇ ಅಲ್ಲ, ಸಂಘವನ್ನೂ ಕಲಿಯೋಣ

ಹುಲಿಯನ್ನು ನೋಡಿ ನರಿ ಮೈಗೆ ಬರೆ ಎಳೆದುಕೊಂಡ ಗಾದೆಯನ್ನು ನಮ್ಮ ವರ್ತಕ ಬಂಧುಗಳು ಬಲ್ಲರು. ಆದರೆ ಆ ಗಾದೆಯನ್ನು ಹಿಡಿದು ಅನುಕರಣೆಯೇ ತಪ್ಪೆನ್ನುವುದು ಸರಿಯಲ್ಲ. ಕಂಡದ್ದನ್ನು ಕಲಿತು ತನ್ನ ನೆಲಕ್ಕೆ ಒಗ್ಗಿಸಿಕೊಂಡವನೇ ವ್ಯಾಪಾರದಲ್ಲಿ ಉಳಿಯುತ್ತಾನೆ. ಇದಕ್ಕೆ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಜನ ಕೈಹಿಡಿದಿರುವ ರೇಷ್ಮೆ ಕಸುಬೇ ಸಾಕ್ಷಿ.

ಜಪಾನ್ ಸರ್ಕಾರ 1872ರಲ್ಲಿ ಫ್ರೆಂಚ್ ಯಂತ್ರಗಳನ್ನು ತರಿಸಿ ಟೊಮಿಯೋಕದಲ್ಲಿ ರೇಷ್ಮೆ ನೂಲಿನ ಕಾರ್ಖಾನೆ ಹೂಡಿತು. ಅಷ್ಟು ಹಣವಿಲ್ಲದ ಸುವಾ ಸೀಮೆಯ ಸಣ್ಣ ಉದ್ಯಮಿಗಳು ಅದೇ ಯಂತ್ರವನ್ನು ಕಬ್ಬಿಣದ ಬದಲು ಮರದಲ್ಲಿ ಮಾಡಿಕೊಂಡು ಲೋಕದ ಮಾರುಕಟ್ಟೆಯನ್ನು ಗೆದ್ದರು. ಅಲ್ಲಿ ದುಡಿದ ಹೆಣ್ಣುಮಕ್ಕಳ ಬೆವರಿಗೆ ಮಾತ್ರ ತಕ್ಕ ಕೂಲಿ ಸಿಗಲಿಲ್ಲ. ಅದನ್ನು ನಾವು ಕಲಿಯಬೇಕಾಗಿಲ್ಲ.

ನಮ್ಮವರೂ ಜಪಾನಿನಿಂದ ಕಲಿತರು. ಜಮ್‌ಷೆಟ್‌ಜಿ ಟಾಟಾ ಬೆಂಗಳೂರಿನಲ್ಲಿ ಜಪಾನಿ ಪದ್ಧತಿಯ ರೇಷ್ಮೆ ತೋಟ ತೆರೆಸಿದರು. ಆದರೆ ವರ್ಷಕ್ಕೆ ಒಂದೆರಡು ಬೆಳೆ ಕೊಡುವ ಹೊರನಾಡಿನ ಹುಳು ನಮ್ಮ ಸೆಕೆಯನ್ನು ತಾಳದು. ಆದುದರಿಂದ ಮೈಸೂರು ತಳಿಯ ಹೆಣ್ಣಿಗೆ ಪರದೇಶದ ತಳಿಯ ಗಂಡನ್ನು ಕೂಡಿಸಿ ಮಿಶ್ರತಳಿಯನ್ನು ರೈತರಿಗೆ ಕೊಡಲಾಯಿತು. ತಾಳಿಕೆ ನಮ್ಮದು, ಎಳೆಯ ಉದ್ದ ಅವರದು!

ಈಗ ಬಂದಿರುವುದು ಚೀನಾದ ಸ್ವಯಂಚಾಲಿತ ನೂಲು ಯಂತ್ರ. ಅದಕ್ಕೆ ದಿನವೂ ಕ್ವಿಂಟಾಲುಗಟ್ಟಲೆ ಒಂದೇ ಗುಣದ ದ್ವಿತಳಿ ಗೂಡು ಬೇಕು. ಹತ್ತು ಬೇಸಿನ್ನಿನ ಬಿಚ್ಚಾಣಿಕೆದಾರನು ಪಕ್ಕದವನನ್ನು ನೋಡಿ ಸಾಲ ಮಾಡಿ ಅದನ್ನು ತಂದರೆ, ಗೂಡು ಸಾಲದೆ ಯಂತ್ರ ನಿಲ್ಲುತ್ತದೆ, ಬಡ್ಡಿ ನಿಲ್ಲುವುದಿಲ್ಲ. ಬಿಸಿನೀರಿನಲ್ಲಿ ಕೈ ಬೇಯಿಸಿಕೊಂಡು ದುಡಿದ ಹೆಣ್ಣಾಳಿನ ಕೆಲಸವೂ ಹೋಗುತ್ತದೆ. ನರಿಯ ಬರೆಯೆಂದರೆ ಇದೇ.

ಹಾಗಾದರೆ ದಾರಿ ಯಾವುದು? ಹಾಲಿನಲ್ಲಿ ನಾವೇ ತೋರಿಸಿದ್ದೇವೆ. ಗುಜರಾತಿನ ಖೇಡಾ ಜಿಲ್ಲೆಯ ರೈತರು 1946ರಲ್ಲಿ ಕಟ್ಟಿದ ಹಾಲಿನ ಒಕ್ಕೂಟದ ಮಾದರಿಯಲ್ಲೇ ನಮ್ಮ ಹಳ್ಳಿಗಳ ಹಾಲು ಸಂಘಗಳು ಹುಟ್ಟಿದುವು. ಹಾಲು ತಣಿಸುವ ಯಂತ್ರದ ಜೊತೆಗೆ ಅದರ ಒಡೆತನದ ಕ್ರಮವನ್ನೂ ನಾವು ಕಲಿತೆವು. ಯಂತ್ರ ಒಬ್ಬ ಧಣಿಯದಾಗಲಿಲ್ಲ, ಹಾಲು ಹಾಕುವವರ ಸಂಘದ್ದಾಯಿತು.

ನೂಲಿನಲ್ಲಿಯೂ ಇದನ್ನೇ ಮಾಡಬೇಕು. ಹತ್ತಾರು ಬಿಚ್ಚಾಣಿಕೆದಾರರು ಕೂಡಿ ಒಂದು ಯಂತ್ರ ಕೊಳ್ಳಲಿ. ಗೂಡು ಬೆಳೆಯುವ ರೈತರೊಡನೆ ಮುಂಗಡ ಕರಾರು ಮಾಡಿಕೊಳ್ಳಲಿ. ಬೇಸಿನ್ ಬಿಟ್ಟ ಕೆಲಸಗಾರರಿಗೆ ಹೊಸ ಯಂತ್ರದ ತರಬೇತಿ, ಲಾಭದಲ್ಲಿ ಪಾಲು, ಆಡಳಿತದಲ್ಲಿ ಸ್ಥಾನ ಸಿಗಲಿ. ಸರ್ಕಾರದ ಸಹಾಯಧನ ಮೊದಲು ಇಂಥ ಸಂಘಗಳಿಗೆ ಸಲ್ಲಬೇಕೆಂದು ನಾವು ಒತ್ತಾಯಿಸಬೇಕು. ಯಂತ್ರ ಚೀನಾದ್ದಾದರೇನು, ಜಪಾನಿನದಾದರೇನು? ಅದರ ಒಡೆತನ ದುಡಿಯುವವರದಾಗಲಿ!