ಲಿಂಕ್ ಒತ್ತುವ ಮುನ್ನ ವಿಳಾಸ ಓದಿ

ಕುಕ್ಕರ್ ಎರಡನೇ ಸಲ ಕೂಗಿದೆ, ಮಗುವಿನ ಸ್ಕೂಲ್ ವ್ಯಾನ್ ಬರೋ ಹೊತ್ತು. ಅಷ್ಟರಲ್ಲೇ ಮೊಬೈಲಿಗೊಂದು ಸಂದೇಶ: 'ನಿಮ್ಮ ಕೆವೈಸಿ ಅವಧಿ ಮುಗಿದಿದೆ. ಇಂದೇ ಈ ಲಿಂಕ್ ಒತ್ತದಿದ್ದರೆ ಖಾತೆ ಬಂದ್.' ಎದೆ ಧಸಕ್ಕೆನ್ನುತ್ತದೆ ಅಲ್ಲವೇ? ಕಳಿಸಿದವನಿಗೆ ಬೇಕಾದದ್ದೂ ಅದೇ. ಗಾಬರಿಯಲ್ಲಿ ಯಾರೂ ವಿಳಾಸ ಓದುವುದಿಲ್ಲ.

ಇದನ್ನು ಫಿಶಿಂಗ್ ಅನ್ನುತ್ತಾರೆ. ಗಾಳ ಹಾಕೋದು ಅಂದರೂ ಸರಿಯೇ. ಲಿಂಕ್ ಒತ್ತಿದರೆ ತೆರೆದುಕೊಳ್ಳುವ ಪುಟ ಥೇಟ್ ನಿಮ್ಮ ಬ್ಯಾಂಕಿನದೇ. ಅದೇ ಬಣ್ಣ, ಅದೇ ಲಾಂಛನ. ಮೇಲ್ಗಡೆ ಬೀಗದ ಗುರುತು ಬೇರೆ! ಆ ಬೀಗ ನೋಡಿ ಸಮಾಧಾನ ಪಟ್ಟುಕೊಳ್ಳಬೇಡಿ. ನೀವು ಟೈಪ್ ಮಾಡಿದ್ದು ದಾರಿಯಲ್ಲಿ ಬೇರೆಯವರಿಗೆ ಕಾಣದು ಅಂತಷ್ಟೇ ಅದರ ಅರ್ಥ. ಆ ಕಡೆ ಕೂತವನು ಸಾಚಾ ಅಂತಲ್ಲ.

ನೋಡಬೇಕಾದ್ದು ವಿಳಾಸದ ಬಾಲವನ್ನು. ಬ್ಯಾಂಕುಗಳೆಲ್ಲ 2025ರ ಅಕ್ಟೋಬರ್ 31ರೊಳಗೆ ತಮ್ಮ ಜಾಲತಾಣವನ್ನು '.ಬ್ಯಾಂಕ್.ಇನ್' ವಿಳಾಸಕ್ಕೆ ಬದಲಿಸಬೇಕೆಂದು ರಿಸರ್ವ್ ಬ್ಯಾಂಕ್ ಸೂಚಿಸಿತ್ತು. ಈ ಬಾಲ ಬ್ಯಾಂಕುಗಳಿಗೆ ಮಾತ್ರ ಮೀಸಲು. ವಿಳಾಸದ ಆರಂಭದಲ್ಲಿ ನಿಮ್ಮ ಬ್ಯಾಂಕಿನ ಹೆಸರಿದ್ದು, ಮೊದಲ ಒಂಟಿ ಓರೆಗೆರೆಗೆ ಮುಂಚೆ ಬೇರೇನೋ ಇದ್ದರೆ ಅಲ್ಲಿಂದ ವಾಪಸ್ ಬನ್ನಿ. ಅಷ್ಟಕ್ಕೂ ಬ್ಯಾಂಕಿನ ಕೆಲಸಕ್ಕೆ ಯಾರೋ ಕಳಿಸಿದ ಲಿಂಕ್ ಯಾಕೆ ಬೇಕು ಹೇಳಿ? ನಿಮ್ಮ ಆ್ಯಪ್ ಇದೆ, ಶಾಖೆ ಇದೆ.

ಇನ್ನೊಂದು ಲಗ್ನಪತ್ರಿಕೆ ವೇಷ. 2024ರಲ್ಲೇ ಪೊಲೀಸರು ಈ ಬಗ್ಗೆ ಎಚ್ಚರಿಸಿದ್ದರು. ವಾಟ್ಸ್‌ಆ್ಯಪ್‌ನಲ್ಲಿ ಬಂದ ಆಮಂತ್ರಣದ ಹೆಸರು 'ಎಪಿಕೆ' ಎಂದು ಮುಗಿದರೆ ಅದು ಪತ್ರಿಕೆಯಲ್ಲ, ಆ್ಯಪ್. ಇನ್‌ಸ್ಟಾಲ್ ಮಾಡಿ ಕೇಳಿದ್ದಕ್ಕೆಲ್ಲ ಒಪ್ಪಿದಿರೋ, ನಿಮ್ಮ ಒಟಿಪಿಯನ್ನು ಅದೇ ಓದಿ ಕಳ್ಳನಿಗೆ ತಲುಪಿಸುತ್ತೆ. ನಂಟರ ನಂಬರಿನಿಂದಲೇ ಬಂದಿದೆಯಾ? ಅವರ ಫೋನೂ ಸಿಕ್ಕಿಬಿದ್ದಿರಬಹುದು. ಒಂದು ಕರೆ ಮಾಡಿ, 'ಮದುವೆ ನಿಜವಾ?' ಅಂತ ಕೇಳಿ.

ಹಾಗೇ, ಹಳೇ ಸೋಫಾ ಮಾರಲು ಹೊರಟಾಗ 'ದುಡ್ಡು ಬರಬೇಕಾದ್ರೆ ಸ್ಕ್ಯಾನ್ ಮಾಡಿ, ಪಿನ್ ಒತ್ತಿ ಮೇಡಂ' ಅಂದರೆ ಮಾತು ಅಲ್ಲಿಗೇ ನಿಲ್ಲಿಸಿ. ದುಡ್ಡು ಪಡೆಯೋಕೆ ಯುಪಿಐ ಪಿನ್ ಬೇಕಾಗಿಲ್ಲ.

ಇಷ್ಟಾದರೂ ಮೋಸ ಹೋಗಬಹುದು. ಓದಿದವರು, ಬ್ಯಾಂಕಿನಲ್ಲೇ ದುಡಿದವರೂ ಹೋಗಿದ್ದಾರೆ. ನಮ್ಮಲ್ಲಿ ಅನೇಕರು ಮಾಡುವ ದೊಡ್ಡ ತಪ್ಪು ಆಮೇಲಿನದು. 'ಮನೆಯವರಿಗೆ ಗೊತ್ತಾದ್ರೆ ಬೈತಾರೆ' ಅಂತ ಬಾಯಿ ಮುಚ್ಚಿಕೊಂಡು, ಚೀಟಿ ದುಡ್ಡಿನಲ್ಲಿ ಹೇಗೋ ಸರಿದೂಗಿಸಲು ನೋಡುತ್ತೇವೆ. ಅಷ್ಟರಲ್ಲಿ ಹಣ ಖಾತೆಯಿಂದ ಖಾತೆಗೆ ಹಾರಿರುತ್ತೆ. ಅದನ್ನು ಯಾರಾದರೂ ಡ್ರಾ ಮಾಡುವ ಮುನ್ನ ತಡೆಹಿಡಿಯಲು ಸಾಧ್ಯವಿದೆ, ಆದರೆ ಬೇಗ ತಿಳಿಸಿದರೆ ಮಾತ್ರ. ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕೂಡಲೇ ಫೋನ್ ಮಾಡಿ, ಜೊತೆಗೇ ಬ್ಯಾಂಕಿಗೂ ತಿಳಿಸಿ. ಎಷ್ಟು ಹೊತ್ತಿಗೆ, ಎಷ್ಟು ಹೋಯಿತು, ವಹಿವಾಟಿನ ಸಂಖ್ಯೆ ಏನು ಎಂಬುದು ಎದುರಿಗಿರಲಿ. ಆ ಸಂದೇಶವನ್ನು ಸಿಟ್ಟಿನಲ್ಲಿ ಅಳಿಸಬೇಡಿ. ದೂರಿಗೆ ಅದೇ ಸಾಕ್ಷಿ.

ಈ ಪುಟ ಓದುವ ಗಂಡಸರಿಗೂ ಒಂದು ಮಾತು: ಬೈಯೋದೇ ಇದ್ದರೆ, 1930ಕ್ಕೆ ಫೋನ್ ಮಾಡಿಯಾದ ಮೇಲೆ ಬೈಯಿರಿ.