ಹುಳುವಿನ ಜ್ವರ, ಹುಡುಗರ ಪ್ರಾಜೆಕ್ಟ್

ಚಿಂತಾಮಣಿ, ಶಿಡ್ಲಘಟ್ಟ ಕಡೆ ರೇಷ್ಮೆ ಸಾಕುವ ಮನೆಗಳ ಮಕ್ಕಳಿಗೆ ‘ಜ್ವರ’ ಎಂದರೆ ಬರೀ ಕಾಯಿಲೆಯಲ್ಲ. ಹುಳು ಪೊರೆ ಬಿಡುವುದಕ್ಕೂ ರೈತರು ಅದೇ ಹೆಸರಿಟ್ಟಿದ್ದಾರೆ. ಮೊಟ್ಟೆಯೊಡೆದು ಬಂದಂದಿನಿಂದ ಗೂಡು ಕಟ್ಟುವವರೆಗಿನ ಸುಮಾರು 25 ದಿನಗಳಲ್ಲಿ ಹುಳುವಿಗೆ ನಾಲ್ಕು ಜ್ವರ. ಆಗ ಅದು ತಲೆಯೆತ್ತಿ ಅಲುಗಾಡದೆ ಕೂರುತ್ತದೆ, ಸೊಪ್ಪು ಮುಟ್ಟುವುದಿಲ್ಲ. ನೋಡುವವರಿಗೆ ಒಂದು ದಿನ ದಂಡವಾದಂತೆ. ಆದರೆ ಹಳೆಯ ಚರ್ಮ ಒಂದು ಮಿತಿಗಿಂತ ಹೆಚ್ಚು ಹಿಗ್ಗದು. ಅದರ ಕೆಳಗೆ ಹೊಸ ಚರ್ಮ ತಯಾರಾಗದೆ ಹುಳು ಮುಂದೆ ಬೆಳೆಯುವಂತಿಲ್ಲ.

ಸಾಕುವವರೂ ಆಗ ಸೊಪ್ಪು ನಿಲ್ಲಿಸಿ, ಹಾಸಿಗೆ ಒಣಗಿರಲೆಂದು ಸುಣ್ಣದ ಪುಡಿ ಉದುರಿಸುತ್ತಾರೆ. ಹೆಚ್ಚುಕಡಿಮೆ ಎಲ್ಲ ಹುಳುಗಳೂ ಜ್ವರದಿಂದ ಎದ್ದಮೇಲೆಯೇ ಮತ್ತೆ ಸೊಪ್ಪು. ಅವಸರಪಟ್ಟು ಮೊದಲೇ ಹಾಕಿದರೆ ಹುಳುಗಳು ಸಮನಾಗಿ ಬೆಳೆಯವು, ಒಟ್ಟಿಗೆ ಹಣ್ಣಾಗವು.

ಶಾಲೆಯ ಪ್ರಾಜೆಕ್ಟಿಗೂ ಇಂಥ ಬಿಡುವು ಬೇಕು. ಒಬ್ಬ ಹುಡುಗ ಕೆಂಪು ಮಣ್ಣಿನ ಒಂದು ಕುಂಡದಲ್ಲಿ, ಕೆರೆಗೋಡಿನ ಇನ್ನೊಂದರಲ್ಲಿ ಹೆಸರುಕಾಳು ಬಿತ್ತಿ, ಯಾವ ಮಣ್ಣಿನಲ್ಲಿ ಗಿಡ ಚೆನ್ನಾಗಿ ಬೆಳೆಯುತ್ತದೆಂದು ನೋಡುತ್ತಿದ್ದಾನೆ ಎನ್ನಿ. ದಿನವೂ ತಪ್ಪದೆ ನೀರು ಹಾಕುತ್ತಾನೆ, ಎತ್ತರ ಅಳೆದು ಬರೆಯುತ್ತಾನೆ. ವಿಜ್ಞಾನ ವಸ್ತುಪ್ರದರ್ಶನಕ್ಕೆ ಎರಡು ದಿನವಿರುವಾಗ ಕಣ್ಣಿಗೆ ಬೀಳುತ್ತದೆ: ಒಂದು ಕುಂಡ ಬಿಸಿಲಲ್ಲಿದೆ, ಇನ್ನೊಂದು ಗೋಡೆಯ ನೆರಳಲ್ಲಿ! ವ್ಯತ್ಯಾಸ ಬಂದದ್ದು ಮಣ್ಣಿನಿಂದಲೋ ಬಿಸಿಲಿನಿಂದಲೋ ಹೇಳುವಂತಿಲ್ಲ. 20 ದಿನಗಳ ಶ್ರಮವಿದೆ, ಉತ್ತರವಿಲ್ಲ. ಮೊದಲ ವಾರವೇ ನಿಂತು ನೋಡಿದ್ದರೆ ಕುಂಡ ಸರಿಸಿದರೆ ಸಾಕಿತ್ತು.

ಇದಕ್ಕೆ ಹೆಚ್ಚು ಸಮಯವೇನೂ ಬೇಡ. ರಾತ್ರಿ ಊಟಕ್ಕೆ ಮುಂಚೆ ಐದು ನಿಮಿಷ: ಇಂದು ಏನಾಯಿತು, ನಾಳೆ ಏನು ಮಾಡಬೇಕು ಎಂದು ದಿನಾಂಕ ಹಾಕಿ ಎರಡು ಸಾಲು. ಭಾನುವಾರ ಬೆಳಿಗ್ಗೆ ಅರ್ಧ ಗಂಟೆ ಹೊಸ ಕೆಲಸ ಬೇಡ. ವಾರದ ಪುಟಗಳನ್ನು ತಿರುವಿ ಮೂರು ಪ್ರಶ್ನೆ ಕೇಳಿಕೊಳ್ಳಿ. ಮೊದಲು ಎತ್ತಿಕೊಂಡ ಪ್ರಶ್ನೆಗೇ ಉತ್ತರ ಹುಡುಕುತ್ತಿದ್ದೇನೆಯೇ? ಎಲ್ಲಿ ತಪ್ಪಿದೆ? ಏನನ್ನು ಬಿಡಬೇಕು? ತಪ್ಪಿದ ಅಳತೆಯನ್ನು ಅಳಿಸಬೇಡಿ. ಪಕ್ಕದಲ್ಲಿ ಕಾರಣ ಬರೆಯಿರಿ. ತಿದ್ದುಪಡಿ ಸೋಮವಾರದಿಂದಲೇ ಶುರುವಾಗಲಿ.

ತಂದೆತಾಯಿಗಳಿಗೂ ಒಂದು ಮಾತು. ಆ ಅರ್ಧ ಗಂಟೆ ಮಗ ನೋಟ್‌ಬುಕ್ ಮುಂದಿಟ್ಟುಕೊಂಡು ಯೋಚಿಸುತ್ತಿದ್ದರೆ, ‘ಯಾಕೋ ಸುಮ್ಮನೆ ಕೂತಿದ್ದೀಯ?’ ಎಂದು ಗದರಬೇಡಿ. ಜ್ವರಕ್ಕೆ ಕೂತ ಹುಳುವಿಗೆ ಸೊಪ್ಪು ಹಾಕಬಾರದೆಂದು ಚಿಂತಾಮಣಿಯ ರೈತರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.