ತಲೆಗೆ 33 ರೂಪಾಯಿಯ ಸೂರು: ದಕ್ಷಿಣ ಪಾಲಿಕೆ ಆಯುಕ್ತರಿಗೆ ಬಹಿರಂಗ ಪತ್ರ

ಇವರಿಗೆ,
ಮಾನ್ಯ ಆಯುಕ್ತರು,
ಬೆಂಗಳೂರು ದಕ್ಷಿಣ ನಗರ ಪಾಲಿಕೆ

ವಿಷಯ: ವಸತಿರಹಿತರ ತಂಗುದಾಣಗಳಿಗೆ ಹಣ ಕೋರಿ ಬರುವ ಪ್ರಸ್ತಾವನೆಗಳನ್ನು ಅಳೆಯುವ ಬಗೆ

ಮಾನ್ಯರೇ,

2025ರ ಸೆಪ್ಟೆಂಬರ್ 2ರಂದು ಬಿಬಿಎಂಪಿ ಹೋಗಿ ಐದು ಪಾಲಿಕೆಗಳು ಬಂದವು. ಅಂದಿನಿಂದ ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿಟಿಎಂ ಬಡಾವಣೆಗಳ ನಾವು ಕಸ, ರಸ್ತೆಗುಂಡಿ, ಖಾತಾ ಎಂದು ತಮ್ಮ ಕಚೇರಿಗೆ ಎಡತಾಕುತ್ತಲೇ ಇದ್ದೇವೆ. ಯಾರೂ ಬಂದು ವಿಚಾರಿಸದ ಒಂದು ಕಡತದ ಬಗ್ಗೆ ಈ ಪತ್ರ. ಬೀದಿಯಲ್ಲಿ ಮಲಗುವವರಿಗೆ ತಂಗುದಾಣ ನಡೆಸಲು ಸ್ವಯಂಸೇವಾ ಸಂಸ್ಥೆಗಳಿಂದ ಪ್ರಸ್ತಾವನೆ ಕರೆದು, ತೂಗಿ ನೋಡಿ, ಹಣ ಮಂಜೂರು ಮಾಡುವ ಕಡತ ಅದು. ಅದರಿಂದ ಅನುಕೂಲ ಪಡೆಯಬೇಕಾದವರಿಗೆ ಖಾತಾ ಇಲ್ಲ, ಎಷ್ಟೋ ಮಂದಿಗೆ ಇಲ್ಲಿ ಮತವೂ ಇಲ್ಲ. ಕಡತ ತಡವಾದರೆ ತಮಗೆ ಫೋನು ಮಾಡುವವರು ಯಾರೂ ಇರುವುದಿಲ್ಲ.

ನಾನು ಲೆಕ್ಕಪರಿಶೋಧನೆಯ ಕೆಲಸ ಮಾಡಿ ನಿವೃತ್ತಳಾದವಳು. ಪ್ರಸ್ತಾವನೆಗಳಲ್ಲಿ ಅಂಕಿ ತಾನಾಗಿ ಕೂರುವುದಕ್ಕೂ ಕೂರಿಸುವುದಕ್ಕೂ ಇರುವ ವ್ಯತ್ಯಾಸ ಸ್ವಲ್ಪ ಗೊತ್ತು. ನನ್ನ ಕೋರಿಕೆ ಒಂದೇ: ಹಾಸಿಗೆ ಎಷ್ಟು, ದರ ಎಷ್ಟು ಕಡಿಮೆ ಎಂದು ನೋಡಿ ಈ ಹಣ ಹಂಚಬೇಡಿ. ತಂಗುದಾಣಕ್ಕೆ ಬಂದ ಮನುಷ್ಯ ಅಲ್ಲಿಂದ ಎಲ್ಲಿಗೆ ಹೋಗುತ್ತಾನೆ, ಅಲ್ಲಿಯವರೆಗೆ ಅವನ ಹೊಣೆ ಯಾರದು ಎಂದು ಕೇಳಿ ಹಂಚಿ.

ಕಾನೂನಿನ ನೆಲೆ ತಮಗೆ ತಿಳಿದದ್ದೇ. ಆಹಾರದ ಹಕ್ಕಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2010ರಲ್ಲಿ, ನಗರಗಳಲ್ಲಿ ಲಕ್ಷ ಜನಸಂಖ್ಯೆಗೆ ಒಂದರಂತೆ ವರ್ಷವಿಡೀ ತೆರೆದಿರುವ ತಂಗುದಾಣ ಇರಬೇಕೆಂದಿತು. 2013ರ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನ ಅದನ್ನು ಯೋಜನೆಯಾಗಿಸಿ, ಲಕ್ಷಕ್ಕೆ 100 ಮಂದಿಯ ಜಾಗ ಎಂದು ಗೊತ್ತುಮಾಡಿತು. ಹಣವಿದ್ದೂ ತಂಗುದಾಣಗಳು ಏಳದ್ದೇಕೆ ಎಂದು ವಿಚಾರಿಸಲು 2016ರಲ್ಲಿ ಅದೇ ಕೋರ್ಟ್ ನಿವೃತ್ತ ನ್ಯಾಯಮೂರ್ತಿ ಕೈಲಾಶ್ ಗಂಭೀರ್ ಅವರ ಸಮಿತಿಯನ್ನು ನೇಮಿಸಬೇಕಾಯಿತು. 2011ರ ಜನಗಣತಿಯ ಪ್ರಕಾರ ಬಿಬಿಎಂಪಿ ವ್ಯಾಪ್ತಿಯ ಜನಸಂಖ್ಯೆ 84 ಲಕ್ಷ. ಅಂದರೆ ಹದಿನೈದು ವರ್ಷ ಹಿಂದಿನ ಲೆಕ್ಕಕ್ಕೇ 84 ತಂಗುದಾಣಗಳು ಬೇಕಿದ್ದವು. ಆ ಅಳತೆಯನ್ನು ನಗರ ಇನ್ನೂ ಮುಟ್ಟಿಲ್ಲ. ಹಾಗೆಂದು ಸಂಖ್ಯೆ ತುಂಬಿಸುವ ಅವಸರದಲ್ಲಿ ಎಂಥದ್ದಾದರೂ ಸರಿ ಎಂದುಕೊಂಡರೆ ಮತ್ತೆ ಖಾಲಿ ಕೋಣೆಗಳಿಗೇ ಬಾಡಿಗೆ ಕಟ್ಟಬೇಕಾಗುತ್ತದೆ.

ನಮ್ಮ ದಕ್ಷಿಣ ಭಾಗದಲ್ಲಿ ಬಯಲಲ್ಲಿ ಮಲಗುವವರು ಒಂದೇ ಜಾತಿಯ ಕಷ್ಟದವರಲ್ಲ. ಡೇರಿ ವೃತ್ತದ ಆಚೀಚೆ ನೋಡಿ. ಕಿದ್ವಾಯಿ, ನಿಮ್ಹಾನ್ಸ್, ಇಂದಿರಾಗಾಂಧಿ ಮಕ್ಕಳ ಆಸ್ಪತ್ರೆ, ಸಂಜಯಗಾಂಧಿ ಆಸ್ಪತ್ರೆ, ತುಸು ಮುಂದೆ ಜಯದೇವ. ರಾಜ್ಯದ ಮೂಲೆಮೂಲೆಯ ಬಡವರು ಬಂದು ಸೇರುವ ಇಷ್ಟು ದೊಡ್ಡಾಸ್ಪತ್ರೆಗಳು ಕೆಲವೇ ಕಿಲೋಮೀಟರಿನೊಳಗೆ ಇವೆ. ಕ್ಯಾನ್ಸರಿಗೆ ರೇಡಿಯೇಷನ್ ಎಂದರೆ ಎಷ್ಟೋ ಸಲ ಐದಾರು ವಾರ ದಿನವೂ ಹೋಗಿಬರಬೇಕು. ಒಳರೋಗಿಯಾಗಿ ಮಂಚ ಸಿಗುವುದಿಲ್ಲ, ಲಾಡ್ಜಿಗೆ ದುಡ್ಡಿಲ್ಲ. ಯಾದಗಿರಿಯಿಂದಲೋ ಚಾಮರಾಜನಗರದಿಂದಲೋ ಬಂದ ಕುಟುಂಬ ಆಸ್ಪತ್ರೆಯ ಗೋಡೆಯ ಬದಿಯಲ್ಲೇ ಚಾಪೆ ಹಾಸುತ್ತದೆ. ಊರಲ್ಲಿ ಅವರಿಗೆ ಮನೆಯಿದೆ, ಇಲ್ಲಿ ಇಲ್ಲ.

ಬನಶಂಕರಿ ಬಸ್ ನಿಲ್ದಾಣದ ಸುತ್ತ ಇರುವವರು ಬೇರೆ: ಬೆಳಿಗ್ಗೆ ಕೂಲಿಗೆ ನಿಲ್ಲುವ ಒಂಟಿ ಗಂಡಸರು, ಮಕ್ಕಳು ಕೈಬಿಟ್ಟ ವೃದ್ಧರು. ಮಡಿವಾಳ, ಸಿಲ್ಕ್ ಬೋರ್ಡ್ ಕಡೆ ಮೇಲ್ಸೇತುವೆಯಡಿ ಮಕ್ಕಳೊಂದಿಗೆ ಇಡೀ ಸಂಸಾರಗಳು. ಇವರೆಲ್ಲರ ನಡುವೆ, ಯಾರೊಂದಿಗೂ ಸೇರದೆ ತಮ್ಮಷ್ಟಕ್ಕೆ ಮಾತಾಡಿಕೊಳ್ಳುತ್ತಾ ಅಲೆಯುವ ಮನೋರೋಗಿಗಳು. ಐವತ್ತು ಗಂಡಸರಿಗೆ ಸಾಲುಮಂಚ ಹಾಕಿದ ಒಂದು ಹಜಾರ ಈ ನಾಲ್ಕು ಗುಂಪಿನಲ್ಲಿ ಹೆಚ್ಚೆಂದರೆ ಒಂದಕ್ಕೆ ಒಪ್ಪುತ್ತದೆ. ಉಳಿದವರು ಬರದಿದ್ದಾಗ “ಕರೆದರೂ ಬರುವುದಿಲ್ಲ” ಎಂದು ವರದಿಯಲ್ಲಿ ಬರೆದುಕೊಳ್ಳುತ್ತೇವೆ. ಗಂಡ ಒಂದು ಕಡೆ, ಹೆಂಡತಿ ಮಕ್ಕಳು ಇನ್ನೊಂದು ಕಡೆ ಮಲಗಬೇಕೆಂದರೆ ಯಾವ ಸಂಸಾರ ಬಂದೀತು?

ಈಗ ದುಡ್ಡಿನ ವಿಷಯ. ಜೀವನೋಪಾಯ ಅಭಿಯಾನದ ಮಾರ್ಗಸೂಚಿಯಲ್ಲಿ 50 ಮಂದಿಯ ತಂಗುದಾಣದ ನಿರ್ವಹಣೆಗೆ ಗೊತ್ತುಮಾಡಿದ್ದ ಮೊತ್ತ ವರ್ಷಕ್ಕೆ 6 ಲಕ್ಷ ರೂಪಾಯಿ, ಅದೂ ಐದು ವರ್ಷದವರೆಗೆ. ಭಾಗಿಸಿ ನೋಡಿದರೆ ತಲೆಗೆ ದಿನಕ್ಕೆ ಸುಮಾರು 33 ರೂಪಾಯಿ. ಜಯನಗರದ ದರ್ಶಿನಿಯಲ್ಲಿ ಒಂದು ಪ್ಲೇಟ್ ಇಡ್ಲಿ ವಡೆಗೂ ಅದು ಸಾಲದು. ಅದೇ ಮಾರ್ಗಸೂಚಿಯ ಪ್ರಕಾರ ಒಬ್ಬ ವ್ಯವಸ್ಥಾಪಕ, ಮೂರು ಪಾಳಿಗೆ ಮೂವರು ನೋಡಿಕೊಳ್ಳುವವರು ಇರಬೇಕಿತ್ತು. ಆ ಲೆಕ್ಕದಲ್ಲಿ ತಿಂಗಳಿಗೆ 50 ಸಾವಿರ. ನಾಲ್ವರಿಗೆ ತಲಾ 12,500 ಸಂಬಳ ಕೊಟ್ಟರೆ ಕರೆಂಟಿಗೆ, ನೀರಿಗೆ, ಸೋಪಿಗೆ, ಹೊದಿಕೆ ಒಗೆಸಲು ಬಿಡಿಗಾಸೂ ಉಳಿಯುವುದಿಲ್ಲ. ಇಂಥ ಕೆಲಸಕ್ಕೆ ದರಪಟ್ಟಿ ಕರೆದು, ಅತಿ ಕಡಿಮೆ ಬರೆದವರಿಗೆ ಕಾರ್ಯಾದೇಶ ಕೊಟ್ಟರೆ ಏನಾಗುತ್ತದೆಂದು ಊಹಿಸಲು ಲೆಕ್ಕಪರಿಶೋಧಕರೇ ಬೇಕಿಲ್ಲ. ಮೂರು ಪಾಳಿಯನ್ನು ಒಬ್ಬನೇ ಮಾಡುತ್ತಾನೆ, ಹಾಜರಿ ಪುಸ್ತಕದಲ್ಲಿ ಮೂರು ಸಹಿ ಬೀಳುತ್ತವೆ.

ಆದ್ದರಿಂದ ಅಂಕ ಕೊಡುವಾಗ ಮೊದಲು ನೋಡಬೇಕಾದದ್ದು ನಿಜವಾದ ಖರ್ಚನ್ನು ಬರೆದಿದ್ದಾರೆಯೇ ಎಂಬುದನ್ನು. ಸರ್ಕಾರ ಕೊಡುವುದು ಇಷ್ಟು, ದಾನಿಗಳಿಂದ ಬರುವುದು ಇಷ್ಟು, ಕೊರತೆ ಇಷ್ಟು ಎಂದು ಬಿಚ್ಚಿ ತೋರಿಸಿದ ಅರ್ಜಿಗೆ ಹೆಚ್ಚು ಅಂಕ ಸಿಗಲಿ. ಆರನೆಯ ವರ್ಷ ಹಣ ಎಲ್ಲಿಂದ ಎಂಬ ಪ್ರಶ್ನೆಯೂ ಇರಲಿ. ಎಲ್ಲವನ್ನೂ 33 ರೂಪಾಯಿಯೊಳಗೆ ಮುಗಿಸುತ್ತೇವೆ ಎನ್ನುವವರನ್ನು ಸಂಶಯದಿಂದಲೇ ನೋಡಬೇಕು. ರಾಜ್ಯದ 1999ರ ಪಾರದರ್ಶಕ ಸಂಗ್ರಹಣಾ ಕಾಯ್ದೆ ನಮ್ಮ ಕೈಕಟ್ಟಿದೆ ಎಂದು ಅಧಿಕಾರಿಗಳು ಹೇಳಬಹುದು. ಆದರೆ ಗುಣಮಟ್ಟಕ್ಕೂ ದರಕ್ಕೂ ಬೇರೆಬೇರೆ ಅಂಕವಿಟ್ಟು ಆರಿಸುವ ಪದ್ಧತಿ ಸಲಹಾ ಸೇವೆಗಳ ಟೆಂಡರಿನಲ್ಲಿ ಚಾಲ್ತಿಯಲ್ಲಿದೆ. ಕನ್ಸಲ್ಟೆಂಟರಿಗೆ ಸಲ್ಲುವ ಆ ನ್ಯಾಯ ಫುಟ್‌ಪಾತಿನವರಿಗೂ ಸಲ್ಲಲಿ.

ಎರಡನೆಯದು, ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟಿಸುವ ಹೊಣೆ. ರಾತ್ರಿ ಹನ್ನೊಂದಕ್ಕೆ ಜಯನಗರ 4ನೇ ಬ್ಲಾಕಿನಲ್ಲಿ ಮನೋರೋಗಿ ಹೆಂಗಸೊಬ್ಬರು ಸಿಕ್ಕರು ಎಂದಿಟ್ಟುಕೊಳ್ಳಿ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 100ನೇ ಕಲಮಿನಂತೆ ಠಾಣಾಧಿಕಾರಿ ಅವರನ್ನು ರಕ್ಷಣೆಗೆ ತೆಗೆದುಕೊಂಡು, ಲಾಕಪ್ಪಿನಲ್ಲಿಡದೆ, 24 ಗಂಟೆಯೊಳಗೆ ಹತ್ತಿರದ ಸರ್ಕಾರಿ ಆರೋಗ್ಯ ಸಂಸ್ಥೆಗೆ ಕರೆದೊಯ್ಯಬೇಕು. ಮನೆಯಿಲ್ಲದವರಾದರೆ ಕಾಣೆಯಾದವರ ಎಫ್‌ಐಆರ್ ದಾಖಲಿಸಬೇಕು. ಆಸ್ಪತ್ರೆ ಚಿಕಿತ್ಸೆ ಕೊಡುತ್ತದೆ. ಆಮೇಲೆ? ಡಿಸ್‌ಚಾರ್ಜ್ ಆದವರನ್ನು ಸಾಮಾನ್ಯ ತಂಗುದಾಣ ಸೇರಿಸಿಕೊಳ್ಳಲು ಹಿಂಜರಿಯುತ್ತದೆ. ಮಾತ್ರೆ ಕೊಡುವವರಿಲ್ಲ, ಮುಂದಿನ ತಪಾಸಣೆಗೆ ಕರೆದೊಯ್ಯುವವರಿಲ್ಲ. ಕೆಲವೇ ವಾರಗಳಲ್ಲಿ ಅವರು ಮತ್ತೆ ಅದೇ 4ನೇ ಬ್ಲಾಕಿನಲ್ಲಿರುತ್ತಾರೆ. ಪೊಲೀಸರು, ಆಸ್ಪತ್ರೆ, ತಂಗುದಾಣ ತಂತಮ್ಮ ಪುಸ್ತಕದಲ್ಲಿ “ಸೇವೆ ನೀಡಲಾಗಿದೆ” ಎಂದು ಬರೆದುಕೊಂಡಿರುತ್ತವೆ, ಮೂರೂ ನಿಜವೇ. ಹಾಗಾಗಿ ಪ್ರಸ್ತಾವನೆಯೊಂದಿಗೆ ಹತ್ತಿರದ ಠಾಣೆ, ಆಸ್ಪತ್ರೆಯ ಸಮಾಜಕಾರ್ಯ ವಿಭಾಗ ಮತ್ತು ವಾರ್ಡಿನ ಆರೋಗ್ಯ ಕೇಂದ್ರದ ಲಿಖಿತ ಒಪ್ಪಿಗೆ ಇರಬೇಕು. ಅದರಲ್ಲಿ ಯಾವ ಹುದ್ದೆಯವರು ಯಾವ ಹೊತ್ತಿನಲ್ಲಿ ಫೋನು ಎತ್ತುತ್ತಾರೆ ಎಂಬುದು ಸ್ಪಷ್ಟವಾಗಿರಬೇಕು.

ಮೂರನೆಯದು, ಹೊರದಾರಿ. ಆರು ತಿಂಗಳಲ್ಲಿ ಎಷ್ಟು ಮಂದಿಗೆ ಆಧಾರ್, ರೇಷನ್ ಕಾರ್ಡ್, ಪಿಂಚಣಿ ಆಯಿತು? ಎಷ್ಟು ಮಂದಿ ಬಾಡಿಗೆ ಕೋಣೆಗೋ ಊರಿಗೋ ಹೋದರು? ಹೋದವರನ್ನು ಮೂರು ತಿಂಗಳ ಮೇಲೆ ಯಾರಾದರೂ ವಿಚಾರಿಸಿದರೇ? ಇಲ್ಲೊಂದು ಅಪಾಯವಿದೆ. ಹೊರಹೋದವರ ಸಂಖ್ಯೆಗಷ್ಟೇ ಅಂಕವಿಟ್ಟರೆ ಸಂಸ್ಥೆಗಳು ಗಟ್ಟಿಮುಟ್ಟಾದ ಕೂಲಿಯವರನ್ನು ಆರಿಸಿಕೊಂಡು, ಹಾಸಿಗೆ ಹಿಡಿದ ಮುದುಕರನ್ನೂ ಮನೋರೋಗಿಗಳನ್ನೂ ಬಾಗಿಲಲ್ಲೇ ಸಾಗಹಾಕುತ್ತವೆ. ಆದ್ದರಿಂದ ಕಷ್ಟದವರನ್ನು ಸೇರಿಸಿಕೊಂಡವರಿಗೆ ಹೆಚ್ಚು ತೂಕ ಇರಲಿ, ಯಾರನ್ನು ಏಕೆ ಹಿಂದೆ ಕಳಿಸಿದಿರಿ ಎಂಬ ದಾಖಲೆಯೂ ಕಡ್ಡಾಯವಾಗಲಿ. ಚೆನ್ನೈನ ದಿ ಬ್ಯಾನಿಯನ್ ಸಂಸ್ಥೆ ದೀರ್ಘಕಾಲ ಆಶ್ರಯದಲ್ಲಿದ್ದ ಹೆಂಗಸರನ್ನು ನಾಲ್ಕೈದು ಜನರಂತೆ ಸಾಮಾನ್ಯ ಬೀದಿಯ ಬಾಡಿಗೆ ಮನೆಗಳಲ್ಲಿ ಇರಿಸಿ, ನೋಡಿಕೊಳ್ಳಲು ಜೊತೆಗೊಬ್ಬರನ್ನು ಕೊಟ್ಟಿದೆ. ಕಷ್ಟದವರಿಗೂ ಹೊರದಾರಿ ಉಂಟೆಂಬುದಕ್ಕೆ ಅದಕ್ಕಿಂತ ಹತ್ತಿರದ ಉದಾಹರಣೆ ಬೇಡ.

ಇವೆಲ್ಲ ಒಂದೊಂದೇ ಸಂಸ್ಥೆಯಿಂದ ಆಗುವ ಕೆಲಸವಲ್ಲ. ಒಂದೊಂದು ಕಟ್ಟಡಕ್ಕೆ ಒಂದೊಂದು ಪ್ರಸ್ತಾವನೆ ಕರೆಯುವ ಬದಲು, ಆಸ್ಪತ್ರೆಗಳ ಸಾಲು, ಬನಶಂಕರಿ, ಮಡಿವಾಳ–ಬಿಟಿಎಂ ಮೂರನ್ನೂ ಕೂಡಿಸಿ ಒಂದೇ ಜಂಟಿ ಪ್ರಸ್ತಾವನೆ ಕರೆಯಿರಿ. ಅಮೆರಿಕದಲ್ಲಿ 1990ರ ದಶಕದ ನಡುವಿನಿಂದ ಒಂದು ಪ್ರದೇಶದ ಸಂಸ್ಥೆಗಳೆಲ್ಲ ಸೇರಿ ಸಲ್ಲಿಸುವ ಒಂದೇ ಅರ್ಜಿಯ ಮೇಲೆ ಒಕ್ಕೂಟ ಸರ್ಕಾರದ ವಸತಿ ಇಲಾಖೆ ವಸತಿರಹಿತರ ನೆರವಿನ ಹಣ ಕೊಡುತ್ತಾ ಬಂದಿದೆ. ಹ್ಯೂಸ್ಟನ್ ನಗರದಲ್ಲಿ ನೂರಕ್ಕೂ ಹೆಚ್ಚು ಸಂಸ್ಥೆಗಳು ಒಂದೇ ಯೋಜನೆಯಡಿ ದುಡಿದು, 2012ರ ನಂತರದ ಹತ್ತು ವರ್ಷದಲ್ಲಿ 25,000ಕ್ಕೂ ಹೆಚ್ಚು ಮಂದಿಯನ್ನು ಮನೆ ಸೇರಿಸಿದವು. ಅವರ ದುಡ್ಡು ನಮ್ಮಲ್ಲಿಲ್ಲ. ಆದರೆ ಸಂಸ್ಥೆಗಳೆಲ್ಲ ಸೇರಿ ವಸತಿರಹಿತರ ಒಂದೇ ಹೆಸರುಪಟ್ಟಿ ಇಟ್ಟುಕೊಳ್ಳಲು ಅಷ್ಟು ದುಡ್ಡು ಬೇಕಿಲ್ಲ. ರೋಗಿಗಳ ಜೊತೆ ಬಂದವರಿಗೆ ಸರ್ಕಾರಿ ಆಸ್ಪತ್ರೆಗಳ ಆವರಣದಲ್ಲೇ ತಂಗುದಾಣ ಮಾಡಿಕೊಟ್ಟ ಚೆನ್ನೈ ಪಾಲಿಕೆಯ ಮಾದರಿ ಡೇರಿ ವೃತ್ತಕ್ಕೆ ಹೇಳಿಮಾಡಿಸಿದಂತಿದೆ.

ಜಂಟಿ ಪ್ರಸ್ತಾವನೆ ಎಂದೊಡನೆ ದೊಡ್ಡ ಸಂಸ್ಥೆಗಳು ಚಂದದ ಇಂಗ್ಲಿಷಿನಲ್ಲಿ ನೂರು ಪುಟ ಬರೆದು ತರುತ್ತವೆ, ರಾತ್ರಿಯಿಡೀ ಬೀದಿ ಸುತ್ತುವ ಸಣ್ಣ ಸಂಸ್ಥೆಗಳು ಹೊರಗುಳಿಯುತ್ತವೆ ಎಂಬ ಭಯ ನನಗೂ ಇದೆ. ಅದಕ್ಕೆ ಅರ್ಜಿಯನ್ನು ಕನ್ನಡದಲ್ಲೂ ಸ್ವೀಕರಿಸಿ, ಪುಟಗಳಿಗೆ ಮಿತಿ ಹಾಕಿ. ಪಾಲುದಾರ ಸಂಸ್ಥೆಗೆ ಎಷ್ಟು ಹಣ ಹೋಗುತ್ತದೆಂಬುದನ್ನು ಅರ್ಜಿಯಲ್ಲೇ ಬರೆಯಿಸಿ. ಆರಿಸುವ ಸಮಿತಿಯಲ್ಲಿ ತಂಗುದಾಣದಲ್ಲಿ ಇದ್ದು ಬಂದವರು ಇಬ್ಬರಾದರೂ ಕೂರಲಿ. ಬೀಗವಿರುವ ಪೆಟ್ಟಿಗೆ ಎಷ್ಟು ಮುಖ್ಯ ಎಂಬುದು ಒಮ್ಮೆ ಗಂಟುಮೂಟೆ ಕಳೆದುಕೊಂಡವರಿಗೇ ಗೊತ್ತು.

ತಮ್ಮ ಕಡೆಯಿಂದ ಆಗಬೇಕಾದದ್ದೂ ಇದೆ. ಬಿಲ್ಲು ತಿಂಗಳುಗಟ್ಟಲೆ ನಿಂತರೆ ಸಾಲ ಮಾಡಿ ನಡೆಸಬಲ್ಲವರು ಮಾತ್ರ ಉಳಿಯುತ್ತಾರೆ, ಒಳ್ಳೆಯವರೇ ಉಳಿಯುತ್ತಾರೆಂಬ ಭರವಸೆಯಿಲ್ಲ. ಮೂರು ತಿಂಗಳ ಮುಂಗಡ, ಪಾವತಿಗೆ ಗೊತ್ತಾದ ದಿನಾಂಕ, ತಡವಾದರೆ ಕಾರಣ ಹೇಳುವ ಅಧಿಕಾರಿ, ಇಷ್ಟು ಕರಾರಿನಲ್ಲೇ ಇರಲಿ. ಬಿಬಿಎಂಪಿ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಇಂಥ ತೀರ್ಮಾನಗಳಿಗೆ ಸಭೆಯ ಚರ್ಚೆಯೇ ಇರಲಿಲ್ಲ. ಆದ್ದರಿಂದ ಯಾರಿಗೆ ಎಷ್ಟು ಅಂಕ, ಏಕೆ ಎಂಬ ಪಟ್ಟಿಯನ್ನು ಪಾಲಿಕೆಯೇ ಪ್ರಕಟಿಸಲಿ.

ಕೊನೆಗೆ ನಮ್ಮ ಬಡಾವಣೆಗಳ ಮಾತು. ಜಾಗ ಗುರುತಿಸಿದೊಡನೆ ನಾವು, ಅಂದರೆ ನಿವಾಸಿಗಳ ಸಂಘದವರು, “ಇಲ್ಲಿ ಬೇಡ” ಎಂದು ಮನವಿ ಹಿಡಿದು ಬರುತ್ತೇವೆ. ಆಗ ನಮ್ಮದೇ ಆಸ್ತಿ ತೆರಿಗೆಯ ರಸೀತಿಯನ್ನು ನಮಗೆ ತೋರಿಸಿ. ಭಿಕ್ಷುಕರ ಕರವೆಂದು ತೆರಿಗೆಯ ಮೇಲೆ ಶೇ. 3ರಷ್ಟನ್ನು ವರ್ಷವರ್ಷವೂ ಕಟ್ಟುತ್ತಿದ್ದೇವೆ. 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯಡಿ ಆ ಹಣ ಸಮಾಜ ಕಲ್ಯಾಣ ಇಲಾಖೆಯ ಕೇಂದ್ರ ಪರಿಹಾರ ಸಮಿತಿಗೆ, ಮಾಗಡಿ ರಸ್ತೆಯ ನಿರಾಶ್ರಿತರ ಕೇಂದ್ರದಂಥ ಕಡೆಗೆ ಸಲ್ಲಬೇಕಾದದ್ದು. ನಗರದ ಬಡವರನ್ನು ಒಂದೇ ಆವರಣಕ್ಕೆ ತುಂಬಿದರೆ ಏನಾಗುತ್ತದೆಂದು 2010ರ ಆಗಸ್ಟ್‌ನಲ್ಲಿ ಅಲ್ಲಿನ ಸರಣಿ ಸಾವುಗಳು ತೋರಿಸಿದವು. ಆ ಸಮಿತಿಯೂ ತಮ್ಮ ಕಲ್ಯಾಣ ವಿಭಾಗವೂ ಒಂದೇ ಮೇಜಿಗೆ ಬಂದು, ಒಂದೇ ಮನುಷ್ಯನಿಗಾಗಿ ಎರಡು ಚೀಲಗಳಿಂದ ಆಗುವ ಖರ್ಚನ್ನು ಹೊಂದಿಸಬೇಕು. ನಾವು ಬೇಡ ಎಂದದ್ದಕ್ಕೆ ತಂಗುದಾಣವನ್ನು ಊರಾಚೆಗೆ ಸಾಗಿಸಬೇಡಿ. ಜನ ಮಲಗುವ, ದುಡಿಯುವ ಜಾಗದ ಹತ್ತಿರವೇ ಇರಬೇಕೆಂಬುದು ಜೀವನೋಪಾಯ ಅಭಿಯಾನದ ಮಾರ್ಗಸೂಚಿಯ ಮಾತು. ಇಂದಿರಾ ಕ್ಯಾಂಟೀನ್ 2017ರ ಆಗಸ್ಟ್ 16ರಂದು ಮೊದಲು ತೆರೆದದ್ದು ಜಯನಗರದ ಕನಕನಪಾಳ್ಯದಲ್ಲೇ. ಬಡವರ ಊಟಕ್ಕೆ ಜಾಗ ಕೊಟ್ಟ ಬಡಾವಣೆ ಅವರ ನಿದ್ದೆಗೂ ಕೊಡಬಲ್ಲದು. ಹೇಳಬೇಕಾದವರು ಗಟ್ಟಿಯಾಗಿ ಹೇಳಬೇಕು, ಅಷ್ಟೆ.

ಮುಂದಿನ ಪ್ರಕಟಣೆಗೆ ಮೊದಲು ಅಂಕ ಕೊಡುವ ಪಟ್ಟಿಯ ಕರಡನ್ನು ಕನ್ನಡದಲ್ಲಿ ಪ್ರಕಟಿಸಿ, ಒಂದು ತಿಂಗಳು ಸಾರ್ವಜನಿಕರ ಆಕ್ಷೇಪಣೆ ಕರೆಯಬೇಕೆಂದು ಕೋರುತ್ತೇನೆ. ಹಾಗೆ ಮಾಡಿದರೆ ಖರ್ಚುವೆಚ್ಚದ ಭಾಗವನ್ನು ಸಂಭಾವನೆಯಿಲ್ಲದೆ ಪರಿಶೀಲಿಸಿಕೊಡಲು ನಾನು ಸಿದ್ಧಳಿದ್ದೇನೆ. ನನ್ನಂಥ ನಿವೃತ್ತರು ಈ ಭಾಗದಲ್ಲಿ ಬೇಕಾದಷ್ಟು ಮಂದಿ ಇದ್ದಾರೆ, ಕರೆದರೆ ಬರುತ್ತಾರೆ.

ಇಂತಿ,
ಜಯನಗರದ ಒಬ್ಬ ತೆರಿಗೆದಾರಳು